ಕೈಗೊಂದು ಕೆಲಸ, ಪಕ್ಕದಲ್ಲೊಂದು ನಾಯಿ: ಆಕ್ಯುಪೇಷನಲ್ ಥೆರಪಿಗೆ ಮನೆ ನಾಯಿಯ ನೆರವು ಪಡೆಯುವುದು ಹೇಗೆ?

ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಪ್ಪನಿಗೆ ಲಕ್ವಾ ಹೊಡೆದಾಗ ಎಡಗೈ ಪೂರ್ತಿ ಸೋತುಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದು ಸ್ಪಂಜಿನ ಚೆಂಡು ಕೊಟ್ಟು, ‘ದಿನಾ ಅದುಮಿ’ ಅಂದಿದ್ದರು. ಆ ಚೆಂಡು ದಿಂಬಿನ ಪಕ್ಕ ಸುಮ್ನೆ ಬಿದ್ದಿರುತ್ತಿತ್ತು. ‘ಇದನ್ನ ಅದುಮಿ ನನಗೇನಾಗಬೇಕು?’ ಅನ್ನುತ್ತಿದ್ದರು ದೊಡ್ಡಪ್ಪ. ಆದರೆ ಸಂಜೆ ಹೊತ್ತು ಮನೆ ನಾಯಿ ಕೆಂಚ ಬಂದು ಮಂಚಕ್ಕೆ ಒರಗಿ ಕೂತರೆ, ಅದೇ ಕೈ ಹಾಸಿಗೆ ಮೇಲೆ ಇಷ್ಟಿಷ್ಟೇ ಜರುಗಿ ಅದರ ತಲೆ ಹುಡುಕುತ್ತಿತ್ತು.

ಅವತ್ತು ನನಗೆ ಅರ್ಥವಾಗಿದ್ದು ಇಷ್ಟೇ. ಕೈ ಆಡಬೇಕಾದರೆ ಕೈಗೊಂದು ಕಾರಣ ಬೇಕು. ನಾಯಿ ಆ ಕಾರಣ ಆಗಬಲ್ಲದು. ಅದು ಔಷಧಿಯಲ್ಲ, ಥೆರಪಿಸ್ಟ್ ಬದಲಿಗೆ ಬರುವಂಥದ್ದೂ ಅಲ್ಲ.

ಯಾವುದಕ್ಕೆ ಏನಂತಾರೆ?

ಆಕ್ಯುಪೇಷನಲ್ ಥೆರಪಿಗೆ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಅಂತ ಬರೆಯುತ್ತಾರೆ. ಹಾಗಾಗಿ ಇದು ಕೆಲಸ ಕೊಡಿಸುವ ಯೋಜನೆ ಅಂದುಕೊಂಡವರೂ ಇದ್ದಾರೆ. ಇಲ್ಲಿ ಉದ್ಯೋಗ ಅಂದರೆ ದಿನ ಕಳೆಯಲು ನಾವು ಮಾಡುವ ಎಲ್ಲ ಕೆಲಸ. ಸ್ನಾನ ಮಾಡೋದು, ಅಂಗಿ ಗುಂಡಿ ಹಾಕೋದು, ಊಟ ಮಾಡೋದು, ಮಗು ಪೆನ್ಸಿಲ್ ಹಿಡಿಯೋದು. ಇವನ್ನು ಮತ್ತೆ ಕಲಿಸುವುದು, ಇಲ್ಲವೇ ಬೇರೆ ದಾರಿಯಲ್ಲಿ ಮಾಡಿಸುವುದು ಈ ಥೆರಪಿಸ್ಟ್‌ಗಳ ಕೆಲಸ.

ನಾಯಿಗಳಲ್ಲೂ ಎರಡು ಬಗೆ. ಥೆರಪಿ ನಾಯಿ ತನ್ನ ಮಾಲೀಕರ ಜೊತೆ ಆಸ್ಪತ್ರೆಗೋ ಶಾಲೆಗೋ ಹೋಗಿ ಬೇರೆಯವರ ಚಿಕಿತ್ಸೆಗೆ ನೆರವಾಗುತ್ತದೆ. ಸರ್ವಿಸ್ ನಾಯಿ ಒಬ್ಬರಿಗೇ ಮೀಸಲು. ಬಿದ್ದದ್ದನ್ನು ಎತ್ತಿಕೊಡುತ್ತದೆ, ಹಗ್ಗ ಎಳೆದು ಬಾಗಿಲು ತೆಗೆಯುತ್ತದೆ, ಕಣ್ಣು ಕಾಣದವರಿಗೆ ದಾರಿ ತೋರುತ್ತದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ಶುರುವಾಯಿತು. ಸರ್ವಿಸ್ ನಾಯಿಯ ತರಬೇತಿ ಮರಿ ಇದ್ದಾಗಲೇ ಆರಂಭವಾಗಿ ಸುಮಾರು ಎರಡು ವರ್ಷ ನಡೆಯುತ್ತದೆ. ಮನೆಯಲ್ಲಿ ಕೂತು ಸರ್ವಿಸ್ ನಾಯಿ ತಯಾರು ಮಾಡಲು ಆಗಲ್ಲ. ನಾನಿಲ್ಲಿ ಬರೆಯುತ್ತಿರುವುದು ಮೂರನೆಯ ದಾರಿ. ಮನೆಯಲ್ಲೇ ಇರುವ ನಾಯಿಯನ್ನು, ಥೆರಪಿಸ್ಟ್ ಕೊಟ್ಟ ವ್ಯಾಯಾಮಕ್ಕೆ ಜೊತೆ ಮಾಡಿಕೊಳ್ಳುವುದು.

ಸಂಶೋಧನೆ ಎಲ್ಲಿಗೆ ಬಂದಿದೆ?

ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್‌ಸನ್ ಅಂತ ಒಬ್ಬ ಮಕ್ಕಳ ಮನೋವಿಜ್ಞಾನಿ ಇದ್ದರು. ಯಾರ ಹತ್ತಿರವೂ ಬೆರೆಯದ ಒಂದು ಮಗು ಅವರ ನಾಯಿ ಜಿಂಗಲ್ಸ್ ಜೊತೆ ತಾನಾಗಿಯೇ ಬೆರೆಯಿತು. ಅದನ್ನು ಗಮನಿಸಿದ ಅವರು, ನಾಯಿಯೂ ಚಿಕಿತ್ಸೆಯಲ್ಲಿ ಪಾಲುದಾರ ಎಂದು 1962ರಲ್ಲಿ ಬರೆದರು. ಈ ವಿಷಯದ ಸಂಶೋಧನೆಗೆ ಅದು ದಾರಿ ಮಾಡಿಕೊಟ್ಟಿತು.

ಆಕ್ಯುಪೇಷನಲ್ ಥೆರಪಿಯಲ್ಲೇ ನೋಡಿದರೆ, 2006ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ 22 ಮಕ್ಕಳ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಅದೇ ಮಕ್ಕಳಿಗೆ ಮಾಮೂಲಿ ಥೆರಪಿಯನ್ನೂ ಕೊಟ್ಟರು, ಪ್ರಾಣಿಗಳನ್ನು ಸೇರಿಸಿಕೊಂಡ ಥೆರಪಿಯನ್ನೂ ಕೊಟ್ಟರು. ಪ್ರಾಣಿ ಇದ್ದಾಗ ಮಕ್ಕಳು ಜಾಸ್ತಿ ಮಾತಾಡಿದರು, ಜಾಸ್ತಿ ಬೆರೆತರು. ಸರ್ವಿಸ್ ನಾಯಿಗಳ ಬಗ್ಗೆ 1996ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಡೆದಾಡಲು ತೀವ್ರ ತೊಂದರೆ ಇದ್ದ 48 ಜನ ಇದ್ದರು. ಫಲಿತಾಂಶ ತುಂಬಾ ಚೆನ್ನಾಗಿ ಬಂತು. ಆದರೆ ಅಧ್ಯಯನ ನಡೆಸಿದ ರೀತಿಯನ್ನು ಆಮೇಲೆ ಬೇರೆ ಸಂಶೋಧಕರು ಪ್ರಶ್ನಿಸಿದರು.

ಈ ಕ್ಷೇತ್ರದ ಕಷ್ಟವೇ ಅದು. ಬಹುಪಾಲು ಅಧ್ಯಯನಗಳಲ್ಲಿ ಜನ ಕಡಿಮೆ. ಮಾತ್ರೆಯ ಪರೀಕ್ಷೆಯಲ್ಲಾದರೆ ಯಾರಿಗೆ ನಿಜವಾದ ಮಾತ್ರೆ ಸಿಕ್ಕಿತು ಅನ್ನೋದನ್ನು ಮುಚ್ಚಿಡಬಹುದು. ನಾಯಿಯನ್ನು ಮುಚ್ಚಿಡೋಕೆ ಆಗುತ್ತಾ? ಜೊತೆಗೆ, ಸಿಕ್ಕ ಲಾಭ ನಾಯಿಯಿಂದ ಬಂದಿದ್ದೋ ಹೊಸತನದಿಂದ ಬಂದಿದ್ದೋ ಬಿಡಿಸಿ ಹೇಳುವುದು ಕಷ್ಟ. ಹಾಗಾಗಿ ‘ನಾಯಿಯಿಂದ ಲಕ್ವಾ ವಾಸಿ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬೇಸರದ ವ್ಯಾಯಾಮವನ್ನು ನಾಯಿಯ ನೆಪದಲ್ಲಿ ಇನ್ನಷ್ಟು ಹೊತ್ತು ಮಾಡಿಸಬಹುದು. ಮನೆಯವರಿಗೆ ಅದೇ ದೊಡ್ಡ ಸಹಾಯ.

ಹೆಜ್ಜೆ 1: ಮೊದಲು ಗುರಿ, ಆಮೇಲೆ ನಾಯಿ

ಥೆರಪಿಸ್ಟ್ ಹತ್ತಿರ ಒಂದೇ ಒಂದು ಗುರಿ ಬರೆಸಿಕೊಳ್ಳಿ. ‘ಕೈ ಸರಿಹೋಗಬೇಕು’ ಅನ್ನೋದು ಗುರಿಯಲ್ಲ. ‘ಎಡಗೈಯಲ್ಲಿ ಲೋಟ ಹಿಡಿದು ಬಾಯಿಗೆ ಒಯ್ಯಬೇಕು’ ಅನ್ನೋದು ಗುರಿ. ತುಮಕೂರಿನವರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಶಾಲೆಗೆ ಹೋಗುವ ಮಗುವಾದರೆ ಬಿಆರ್‌ಸಿಯಲ್ಲಿರುವ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ಶಿಕ್ಷಕರನ್ನು, ಕೇಳಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ದಾರಿ ತೋರಿಸುತ್ತಾರೆ. ಮನೆಯಲ್ಲಿ ನಾಯಿ ಇದೆ, ಅದನ್ನು ಸೇರಿಸಿಕೊಳ್ಳಬಹುದಾ ಅಂತ ಥೆರಪಿಸ್ಟ್‌ಗೆ ನೇರವಾಗಿ ಕೇಳಿ. ಮೈಮೇಲೆ ಗಾಯ ಇದ್ದರೆ, ಅಲರ್ಜಿ ಇದ್ದರೆ, ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಡಾಕ್ಟರ್ ಒಪ್ಪದೆ ಶುರು ಮಾಡಬೇಡಿ. ನಾಯಿ ಅಂದರೆ ಹೆದರುವವರನ್ನು ಬಲವಂತ ಮಾಡಲೇಬೇಡಿ.

ಹೆಜ್ಜೆ 2: ನಾಯಿಯನ್ನೂ ಕೇಳಿ

ಜಾತಿ ನಾಯಿಯೇ ಬೇಕೆಂದಿಲ್ಲ. ಕೆಂಚ ನಾಟಿ ನಾಯಿ. ಆದರೆ ಒಂದು ವರ್ಷ ತುಂಬಿರಬೇಕು, ಮನೆಯವರೊಡನೆ ಹೊಂದಿಕೊಂಡಿರಬೇಕು. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿದರೂ ಬೇಗ ಸಮಾಧಾನ ಆಗಬೇಕು. ಸೋತ ಕೈ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಬಿಗಿಯುತ್ತದೆ, ಕೂದಲು ಹಿಡಿದು ಎಳೆಯುತ್ತದೆ. ಅದನ್ನು ನಾಯಿ ತಾಳಿಕೊಳ್ಳಬೇಕಲ್ವಾ? ಮೊದಲು ನೀವೇ ಮೆಲ್ಲಗೆ ಕೂದಲು ಎಳೆದು, ಕಿವಿ ಮುಟ್ಟಿ ನೋಡಿ.

ನಾಯಿ ಗುರ್ ಅನ್ನುವ ಎಷ್ಟೋ ಮೊದಲೇ ಬೇಡ ಅಂತ ಹೇಳಿರುತ್ತದೆ. ನಿದ್ದೆ ಇಲ್ಲದೆ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಬಾಲ ಒಳಗೆ ಎಳೆದುಕೊಳ್ಳುವುದು ಇವೆಲ್ಲ ಅದರ ಮಾತು. ಕಂಡ ಕೂಡಲೇ ನಿಲ್ಲಿಸಿ. ಎದ್ದು ಹೋಗಲು ಅದಕ್ಕೆ ದಾರಿ ಬಿಟ್ಟಿರಿ. ಚೈನು ಕಟ್ಟಿ ಕೂರಿಸಬೇಡಿ.

ಹೆಜ್ಜೆ 3: ಪಶು ಆಸ್ಪತ್ರೆ

ರೇಬೀಸ್ ಲಸಿಕೆ ಮೂರು ತಿಂಗಳ ಮರಿಗೆ ಮೊದಲ ಸಲ, ಆಮೇಲೆ ವರ್ಷ ವರ್ಷ ತಪ್ಪದೆ ಹಾಕಿಸಿ. ಜಂತುಹುಳದ ಮಾತ್ರೆ ಕೊಡಿಸಿ, ಮೈಗೆ ಕಚ್ಚಿಕೊಂಡ ಉಣ್ಣೆ ಹುಳ ತೆಗೆಸಿ, ಉಗುರು ಕತ್ತರಿಸಿ. ನಾಯಿ ಪರಚಿದರೂ ಕಚ್ಚಿದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಮನೆ ನಾಯಿ ಅಂತ ಬಿಡಬೇಡಿ.

ಹೆಜ್ಜೆ 4: ಗುರಿಗೆ ತಕ್ಕ ಕೆಲಸ ಹುಡುಕಿ

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಪ್ರತಿ ಕೆಲಸವನ್ನೂ ಬಿಡಿಸಿ ನೋಡಿ. ಕತ್ತಿನಿಂದ ಬಾಲದವರೆಗೆ ಬ್ರಷ್ ಎಳೆದರೆ ಮುಷ್ಟಿ ಬಿಗಿಯುತ್ತದೆ, ಮೊಣಕೈ ಚಾಚುತ್ತದೆ, ಭುಜ ಮುಂದೆ ಬರುತ್ತದೆ. ಹಿಡಿಕೆಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿ, ಆಗ ಹಿಡಿತ ಸುಲಭ. ಕೊರಳ ಬೆಲ್ಟಿನ ಬಕಲ್ ಹಾಕಿ ತೆಗೆದರೆ ಹೆಬ್ಬೆರಳು, ತೋರುಬೆರಳಿಗೆ ಅಂಗಿ ಗುಂಡಿಯ ಅಭ್ಯಾಸ. ತಂಬಿಗೆಯಿಂದ ನಾಯಿಯ ತಟ್ಟೆಗೆ ನೀರು ಹೊಯ್ದರೆ ಮಣಿಕಟ್ಟು ತಿರುಗುತ್ತದೆ.

ನಮ್ಮ ಕಡೆಯವರಿಗೆ ನಾನು ಹೇಳುವುದು ಮುದ್ದೆ. ತಟ್ಟೆಯಲ್ಲಿ ರಾಗಿ ಮುದ್ದೆ ಇಟ್ಟುಕೊಂಡು ನಾಯಿಗಾಗಿ ಚಿಕ್ಕ ಚಿಕ್ಕ ಉಂಡೆ ಕಟ್ಟಬೇಕು. ಎರಡೂ ಅಂಗೈ ಸೇರಬೇಕು, ಬೆರಳು ಮಡಚಬೇಕು, ಆಮೇಲೆ ಬಿಡಿಸಬೇಕು. ಲಕ್ವಾ ಆದವರಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ ಆಗುವುದುಂಟು. ಅದಕ್ಕೇ ಈ ಕೆಲಸ ನನಗೆ ಇಷ್ಟ. ಒಂದು ಎಚ್ಚರ: ಸೋತ ಕೈಗೆ ಬಿಸಿ ಗೊತ್ತಾಗದೆ ಇರಬಹುದು. ಮುದ್ದೆ ಪೂರ್ತಿ ಆರಿದೆಯಾ ಅಂತ ಇನ್ನೊಬ್ಬರು ಮುಟ್ಟಿ ನೋಡಲಿ. ಸಾರು ಬೇಡ, ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಲಕ್ವಾ ಆದ ಕೆಲವರಿಗೆ ದೇಹದ ಒಂದು ಪಕ್ಕ ಇದೆ ಅನ್ನೋದೇ ಮರೆತುಹೋಗುತ್ತದೆ. ತಟ್ಟೆಯ ಅರ್ಧ ಊಟ ಹಾಗೇ ಉಳಿದಿರುತ್ತದೆ. ಅಂಥವರಿಗೆ ನಾಯಿಯನ್ನು ಮರೆತ ಪಕ್ಕದಲ್ಲೇ ಕೂರಿಸಿ. ಕೂಗಿ ಕರೆದು, ತಿರುಗಿ ಹುಡುಕಲಿ. ದೊಡ್ಡಪ್ಪನ ಮಂಚವನ್ನು ಗೋಡೆಯಿಂದ ಈಚೆಗೆ ಸರಿಸಿದ್ದು ಇದಕ್ಕೇ. ಕೆಂಚ ಎಡಗಡೆಯಿಂದಲೇ ಬರಬೇಕಿತ್ತು.

ಮಗುವಾದರೆ ಸಣ್ಣ ಮಾತು ಸೇರಿಸಿ. ‘ಕೂತ್ಕೋ’, ‘ಬಾ’ ಅಂದರೆ ನಾಯಿ ಕೇಳುತ್ತದೆ ಅನ್ನೋದು ಮಾತು ಕಡಿಮೆ ಇರುವ ಮಗುವಿಗೆ ದೊಡ್ಡ ವಿಷಯ. ಮಗು ಮತ್ತು ನಾಯಿಯನ್ನು ಮಾತ್ರ ಒಂದು ನಿಮಿಷವೂ ಅವರಷ್ಟಕ್ಕೆ ಬಿಡಬೇಡಿ.

ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು. ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ನಾಯಿಯನ್ನು. ನಾಯಿಯ ಬೆನ್ನ ಮೇಲೆ ಭಾರ ಬಿಟ್ಟು ಎದ್ದೇಳಲು ಹೋಗಬೇಡಿ, ಅದಕ್ಕೂ ಪೆಟ್ಟು, ನಿಮಗೂ ಪೆಟ್ಟು. ಮುಗಿದ ಮೇಲೆ ಇಬ್ಬರೂ ಕೈ ತೊಳೆಯಿರಿ. ಕೈ ತೊಳೆಯುವುದೂ ಒಂದು ಆಕ್ಯುಪೇಷನಲ್ ಥೆರಪಿಯೇ.

ಹೆಜ್ಜೆ 5: ಬರೆದಿಡಿ

ಒಂದು ನೋಟ್‌ಬುಕ್ ಇಡಿ. ಒಂದು ವಾರ ನಾಯಿ ಇಲ್ಲದೆ ಅದೇ ಚಲನೆ ಮಾಡಿಸಿ, ಎಷ್ಟು ಸಲ ಕೈ ಎತ್ತಿದರು, ಎಷ್ಟು ಹೊತ್ತಿಗೆ ಸಾಕು ಅಂದರು ಬರೆಯಿರಿ. ಮುಂದಿನ ವಾರ ನಾಯಿ ಜೊತೆ. ಆಮೇಲೆ ಮತ್ತೆ ನಾಯಿ ಇಲ್ಲದೆ ಒಂದು ವಾರ. ಒಬ್ಬರೇ ರೋಗಿ ಇದ್ದಾಗ ಸಂಶೋಧಕರೂ ಹೀಗೇ ಹೋಲಿಸಿ ನೋಡುತ್ತಾರೆ. ನಾಯಿ ಬೇಗ ಎದ್ದುಹೋದ ದಿನವನ್ನೂ ಬರೆಯಿರಿ. ವ್ಯತ್ಯಾಸ ಕಾಣದಿದ್ದರೆ ನಾಯಿಯನ್ನು ಅದರ ಪಾಡಿಗೆ ಬಿಟ್ಟು ಥೆರಪಿಸ್ಟ್ ಜೊತೆ ಬೇರೆ ದಾರಿ ಹುಡುಕಿ. ವ್ಯತ್ಯಾಸ ಕಂಡರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮುಂದಿನ ಗುರಿಯನ್ನು ಅದರಲ್ಲೇ ಬರೆಸಿಕೊಳ್ಳಿ.