ಕ್ರಿಸ್ಮಸ್ ಕೆಲಸಕ್ಕೆ ನವೆಂಬರ್ ಕೊನೆಯಲ್ಲೇ ಕೈ ಹಚ್ಚಿ

ಡಿಸೆಂಬರ್ 25ಕ್ಕೆ ಮನೆಯಲ್ಲೇ ಮಾಡಿದ ಕೇಕ್ ಬೇಕು ಅಂದರೆ ದ್ರಾಕ್ಷಿ ನವೆಂಬರ್ ಕೊನೆಯಲ್ಲೇ ನೆನೆಯಬೇಕು. ಉಡುಗೊರೆಯೂ ಮನೆಯದೇ ಆಗಬೇಕು ಅಂದರೆ ಇನ್ನೂ ಸ್ವಲ್ಪ ಮುಂಚೆಯೇ ಯೋಚನೆ ಶುರುವಾಗಬೇಕು. ಮಲೆನಾಡಿನಲ್ಲಂತೂ ಇದು ಅಡಿಕೆ ಕೊಯ್ಲಿನ ಕಾಲ. ಹಗಲು ಕೊಯ್ಲು, ರಾತ್ರಿ ಸುಲಿತ. ತೋಟ ಇಲ್ಲದ ಪೇಟೆಯವರಿಗೂ ಶಾಲೆ, ಆಫೀಸು ಇದ್ದೇ ಇರುತ್ತದೆ. ಎಲ್ಲವನ್ನೂ ಕೊನೇ ವಾರಕ್ಕೆ ಇಟ್ಟುಕೊಂಡರೆ ಕೊನೆಗೆ ಬೇಕರಿಗೆ ಹೋಗುವುದೇ ಗತಿಯಾಗುತ್ತದೆ.

ಹಾಗಾಗಿ ಒಂದೇ ಲೆಕ್ಕ ಇಟ್ಟುಕೊಳ್ಳಿ. ಜಾಸ್ತಿ ದಿನ ಇರುವುದನ್ನು ಮೊದಲು ಮಾಡಿ, ಬೇಗ ಮೆತ್ತಗಾಗುವುದನ್ನು ಕೊನೆಗೆ ಮಾಡಿ. ಚರ್ಚ್‌ಗೆ ಹೋಗುವ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೂ ಒಂದು ವಾರ ಮುಂಚೆ ಮನೆಮಂದಿಯೆಲ್ಲ ಸೇರಿ ಕ್ರಿಸ್ಮಸ್ ಪುಡಿಂಗ್ ಕಲಸುವ ರೂಢಿ ಇದೆ. ನಾವೂ ಅಲ್ಲಿಂದಲೇ ಹೊರಡೋಣ.

ನವೆಂಬರ್ ಕೊನೆ: ಹೇರಳೆಕಾಯಿ ಸಿಪ್ಪೆ, ನೆನೆಯುವ ಹಣ್ಣು

ಅಂಗಡಿಯ ಟೂಟಿ ಫ್ರೂಟಿಯಲ್ಲಿ ಬಣ್ಣ ಮತ್ತು ಸಿಹಿ ಬಿಟ್ಟರೆ ಬೇರೆ ರುಚಿ ಇರುವುದಿಲ್ಲ. ಅದರ ಬದಲು ಹೇರಳೆಕಾಯಿ ತನ್ನಿ. ನಾವು ಉಪ್ಪಿನಕಾಯಿಗೆ, ಗೊಜ್ಜಿಗೆ ಬಳಸುವ ಅದೇ ಕಾಯಿ. ಯುರೋಪಿನ ಹಣ್ಣಿನ ಕೇಕ್‌ಗಳಿಗೂ ನಿಂಬೆ ಜಾತಿಯ ದಪ್ಪ ಸಿಪ್ಪೆಯ ಹಣ್ಣನ್ನೇ ಪಾಕದಲ್ಲಿ ಬೇಯಿಸಿ ಹಾಕುತ್ತಾರೆ. ಹೇರಳೆ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಎರಡು ಹೇರಳೆಕಾಯಿ ಸಾಕು. ಒಳಗಿನ ಬಿಳಿ ಭಾಗವನ್ನೂ ಸೇರಿಸಿ ಸಿಪ್ಪೆ ಬಿಡಿಸಿ, ಅರ್ಧ ಸೆಂಟಿಮೀಟರ್ ಅಗಲಕ್ಕೆ ಉದ್ದುದ್ದ ಹೆಚ್ಚಿ. ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಹೀಗೆ ಮೂರು ಸಲ ಮಾಡಬೇಕು, ಇಲ್ಲದಿದ್ದರೆ ಕಹಿ ಉಳಿಯುತ್ತದೆ. ಕಿತ್ತಳೆ ಸಿಪ್ಪೆಯಾದರೆ ಎರಡು ಸಲ ಸಾಕು. ಬೆಂದ ಸಿಪ್ಪೆಯನ್ನು ತೂಗಿ, ಅಷ್ಟೇ ತೂಕದ ಸಕ್ಕರೆ, ಅದರ ಅರ್ಧದಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿಡಿ. ಮುಕ್ಕಾಲು ಗಂಟೆಯ ಹೊತ್ತಿಗೆ ಬಿಳಿ ಭಾಗದ ಬಿಳುಪು ಹೋಗುತ್ತದೆ. ಒಂದು ತುಂಡನ್ನು ಚಮಚದಲ್ಲೆತ್ತಿ ಕಿಟಕಿ ಕಡೆ ಹಿಡಿದರೆ ಬೆಳಕು ಅದರೊಳಗಿಂದ ಹಾಯುವುದು ಕಾಣಬೇಕು. ಆಗ ತೆಗೆದು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ. ಡಿಸೆಂಬರ್ ಬಿಸಿಲಿಗೆ ಎರಡು ದಿನದಲ್ಲಿ ಮೇಲ್ಭಾಗ ಒಣಗುತ್ತದೆ. ಮಂಜು ಬೀಳುವ ಮುಂಚೆ ಮರೆಯದೆ ಒಳಗೆ ತನ್ನಿ. ಕೇಕ್‌ಗೆ ಬೇಕಾದಷ್ಟು ಎತ್ತಿಟ್ಟುಕೊಂಡು ಉಳಿದದ್ದನ್ನು ಸಕ್ಕರೆಯಲ್ಲಿ ಹೊರಳಿಸಿ ಸಣ್ಣ ಬಾಟಲಿಗೆ ತುಂಬಿದರೆ ಮೊದಲ ಉಡುಗೊರೆ ರೆಡಿ. ಹೇರಳೆ ರಸ ಚಿತ್ರಾನ್ನಕ್ಕಾಯಿತು.

ಈಗ ಹಣ್ಣು ನೆನೆಸುವ ಕೆಲಸ. ಕಪ್ಪು ಒಣದ್ರಾಕ್ಷಿ 150 ಗ್ರಾಂ, ಹಳದಿ ದ್ರಾಕ್ಷಿ 75, ಬೀಜ ತೆಗೆದ ಖರ್ಜೂರ 75, ಒಣ ಅಂಜೂರ 50, ಹೇರಳೆ ಸಿಪ್ಪೆ 50. ಒಟ್ಟು 400 ಗ್ರಾಂ ಆಯಿತು. ಎಲ್ಲವನ್ನೂ ದ್ರಾಕ್ಷಿ ಗಾತ್ರಕ್ಕೆ ಹೆಚ್ಚಿ, ಒಣಗಿದ ಗಾಜಿನ ಭರಣಿಯಲ್ಲಿ 150 ಮಿಲಿಲೀಟರ್ ರಮ್ ಹಾಕಿ ಮುಚ್ಚಿಡಿ. ಮೊದಲ ವಾರ ದಿನಕ್ಕೊಮ್ಮೆ ಅಲುಗಿಸಿ. ರಮ್ ಬೇಡ ಅನ್ನುವವರು ಈಗಲೇ ನೆನೆಸಬೇಡಿ. ಹಣ್ಣಿನ ರಸದಲ್ಲಿ ಅಷ್ಟು ದಿನ ಇಟ್ಟರೆ ಹುಳಿ ಬಂದುಬಿಡುತ್ತದೆ. ಕೇಕ್ ಮಾಡುವ ಎರಡು ದಿನ ಮುಂಚೆ ಅಷ್ಟೇ ಕಿತ್ತಳೆ ರಸದಲ್ಲಿ ಹಣ್ಣನ್ನು ಐದು ನಿಮಿಷ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಗೋಡಂಬಿಯನ್ನು ಎರಡರಲ್ಲೂ ನೆನೆಸುವುದು ಬೇಡ, ಮೆತ್ತಗಾಗುತ್ತದೆ.

ಡಿಸೆಂಬರ್ ಮೊದಲ ವಾರ: ಚಿತ್ತಾರ ಕಲಿಯಿರಿ

ಹಬ್ಬದ ನೆಪದಲ್ಲಿ ಹೊಸದೊಂದು ಹವ್ಯಾಸ ಹಿಡಿಯಬೇಕು ಅಂತ ಇರುವವರಿಗೆ ನನ್ನ ಸಲಹೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಕಲೆ ಇದು. ಮದುವೆ ಮನೆಯ ಹಸೆಗೋಡೆಯಲ್ಲಿ, ಭೂಮಿ ಹುಣ್ಣಿಮೆಯ ಬುಟ್ಟಿಯಲ್ಲಿ ಇದನ್ನು ನೋಡಿರುತ್ತೀರಿ. ಕೆಮ್ಮಣ್ಣಿನ ನೆಲೆ, ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದೇ. ಇಷ್ಟು ಕಡಿಮೆ ಬಣ್ಣದಲ್ಲಿ ಇಷ್ಟು ಚಂದ ಬೇರೆಲ್ಲಿ ಸಿಗುತ್ತದೆ ಹೇಳಿ?

ಶುಭಾಶಯ ಕಾರ್ಡಿಗೆ ಇದು ತುಂಬ ಒಪ್ಪುತ್ತದೆ. ದಪ್ಪನೆಯ ಕಂದು ಕಾಗದ ತೆಗೆದುಕೊಳ್ಳಿ. ಜರಡಿ ಹಿಡಿದ ಕೆಮ್ಮಣ್ಣನ್ನು ನೀರು ಮತ್ತು ಸ್ವಲ್ಪ ಗೋಂದಿನಲ್ಲಿ ಕಲಸಿ, ಬಟ್ಟೆಯಿಂದ ತೆಳುವಾಗಿ ಸವರಿ ಒಣಗಿಸಿ. ಬಿಳಿಗೂ ಗೋಂದು ಬೇಕೇ ಬೇಕು. ಕಾಗದ ಮಡಿಚಿದಾಗ ಬರೀ ಅಕ್ಕಿಹಿಟ್ಟು ಉದುರಿಹೋಗುತ್ತದೆ. ಪೋಸ್ಟರ್ ಬಣ್ಣ ಬಳಸಿದರೂ ತಪ್ಪೇನಿಲ್ಲ.

ಮೊದಲ ಎರಡು ದಿನ ಬರೀ ಗೆರೆ ಎಳೆಯಿರಿ. ಹಳೆಯ ಪತ್ರಿಕೆಯ ಮೇಲೆ, ಒಂದೇ ದಪ್ಪದ, ಒಂದೇ ಅಂತರದ ನೇರ ಗೆರೆಗಳು. ಚಿತ್ತಾರದ ಜೀವ ಇರುವುದೇ ಅಲ್ಲಿ. ಕುಂಚವನ್ನು ಬೆರಳಿನಿಂದ ಅಲ್ಲ, ಮೊಣಕೈಯಿಂದ ಎಳೆದರೆ ಗೆರೆ ನಡುಗುವುದಿಲ್ಲ. ಆಮೇಲೆ ಪೆನ್ಸಿಲ್‌ನಲ್ಲಿ ಚೌಕಟ್ಟು ಹಾಕಿ, ಅದರೊಳಗೆ ಓರೆ ಗೆರೆಗಳನ್ನು ಹೆಣೆಯಿರಿ. ಎರಡು ತ್ರಿಕೋನ ಒಂದರ ಮೇಲೊಂದು ಕೂತರೆ ನಕ್ಷತ್ರ ತಾನಾಗಿಯೇ ಬರುತ್ತದೆ. ಮದುವೆಯ ಹಸೆಯನ್ನು ಹಾಗೇ ತಂದು ಕಾರ್ಡಿಗೆ ಇಳಿಸಬೇಡಿ. ಅದು ಆ ಮನೆಯ ಶಾಸ್ತ್ರಕ್ಕೆ ಸೇರಿದ್ದು. ಗೆರೆಯ ಕ್ರಮ ಕಲಿಯಿರಿ, ಚಿತ್ರ ನಿಮ್ಮದಾಗಲಿ. ಕಾರ್ಡಿನ ಹಿಂದೆ ಇದು ಯಾರ ಕಲೆ ಅಂತ ಒಂದು ಸಾಲು ಬರೆಯುವುದು ಮಾತ್ರ ಮರೆಯಬೇಡಿ.

ಎರಡನೇ ವಾರ: ಮೇಣದ ಹಣತೆ, ರಾಗಿ ಪೈರು

ದೀಪಾವಳಿಯ ಹಣತೆಗಳು ಅಟ್ಟದಲ್ಲಿ ಇರುತ್ತವಲ್ವಾ, ಅವನ್ನು ಇಳಿಸಿ ತೊಳೆದು ಚೆನ್ನಾಗಿ ಒಣಗಿಸಿ. ಜೇನು ಸಾಕುವವರ ಹತ್ತಿರ ಜೇನುಮೇಣ ಸಿಗುತ್ತದೆ. ಅದು ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೇರ ಉರಿ ಮೇಲೆ ಇಟ್ಟರೆ ಹೊತ್ತಿಕೊಳ್ಳುವ ಅಪಾಯ ಇದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸಿ. ಹತ್ತಿಯ ಬತ್ತಿಯನ್ನು ಮೇಣದಲ್ಲಿ ಅದ್ದಿ ನೆಟ್ಟಗೆ ಹಿಡಿದರೆ ಗಟ್ಟಿಯಾಗುತ್ತದೆ. ಅದನ್ನು ಹಣತೆಯ ನಡುವೆ ನಿಲ್ಲಿಸಿ ಮೇಣ ಹುಯ್ಯಿರಿ. ಬೆಳಗಿನ ಚಳಿಯಲ್ಲಿ ಹೊರಗಿಟ್ಟರೆ ಬೇಗ ತಣಿದು ಬಿರುಕು ಬಿಡುತ್ತದೆ, ಅಡುಗೆ ಮನೆಯ ಒಳಗೇ ಆರಲಿ. ಮಣ್ಣು ಸ್ವಲ್ಪ ಮೇಣ ಹೀರುವುದರಿಂದ ಹಚ್ಚುವಾಗ ಕೆಳಗೊಂದು ತಟ್ಟೆ ಇರಲಿ. ತೆಂಗಿನ ಕರಟದಲ್ಲಿ ಮಾಡಿದ್ದು ನೋಡಲು ಚಂದ, ಆದರೆ ಕರಟಕ್ಕೇ ಬೆಂಕಿ ಹಿಡಿಯಬಹುದು, ಬೇಡ.

ಇದೇ ವಾರ ಮನೆಯ ಗೋದಲಿಗೆ ರಾಗಿ ಬಿತ್ತಿ. ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಕಟ್ಟುವ ರೂಢಿಗೆ ಇಟಲಿಯ ಗ್ರೆಚ್ಚೊ ಊರಿನಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಬುನಾದಿ ಹಾಕಿದರು. ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹಬ್ಬದ ಹೊತ್ತಲ್ಲಿ ಹೋದವರಿಗೆ ಗೋದಲಿ ಹೊಸದೇನಲ್ಲ. ಮನೆಯಲ್ಲಿ ಕಟ್ಟುವವರು ಮರದ ಪಾಚಿ ಕೆತ್ತಿ ತರುವ ಬದಲು, ಡಿಸೆಂಬರ್ 12–13ರ ಹೊತ್ತಿಗೆ ಅಗಲ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ. ಹಬ್ಬದ ದಿನಕ್ಕೆ ಹಸಿರು ಗದ್ದೆ ಎದ್ದಿರುತ್ತದೆ. ಹಂಗೇರಿ, ಕ್ರೊವೇಷಿಯಾದಲ್ಲೂ ಡಿಸೆಂಬರ್ 13ರಂದು, ಸಂತ ಲೂಸಿಯ ದಿನ, ಹೀಗೇ ಗೋಧಿ ಬಿತ್ತುತ್ತಾರೆ. ಮಕ್ಕಳಿಗೆ ವಹಿಸಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಮೂರನೇ ವಾರ: ಕೇಕ್

ಮಸಾಲೆಯನ್ನು ಹೊಸದಾಗಿ ಕುಟ್ಟಿಕೊಳ್ಳಿ. ಏಲಕ್ಕಿ ಆರು, ಲವಂಗ ನಾಲ್ಕು, ಬೆರಳುದ್ದದ ಚಕ್ಕೆ, ಕಾಲು ಜಾಯಿಕಾಯಿ, ಚಿಟಿಕೆ ಒಣಶುಂಠಿ, ನಾಲ್ಕು ಕಾಳುಮೆಣಸು. ಕೇಕ್‌ಗೆ ಮೆಣಸಾ ಅಂತ ಹುಬ್ಬೇರಿಸಬೇಡಿ. ಯುರೋಪಿನವರು ಕಡಲು ದಾಟಿ ಬಂದದ್ದೇ ಈ ಘಟ್ಟದ ಕಾಳಿಗಾಗಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಅವರ ಹಬ್ಬದ ತಿಂಡಿಗಳ ಘಮದಲ್ಲಿ ನಮ್ಮ ತೋಟದ ಪಾಲೂ ಇದೆ.

ಮೊದಲು ಕ್ಯಾರಮೆಲ್. ದಪ್ಪ ತಳದ ಪಾತ್ರೆಯಲ್ಲಿ 75 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕೈಯಾಡಿಸುವ ಬದಲು ಪಾತ್ರೆಯನ್ನೇ ಓಲಾಡಿಸಿ. ಕೆಂಪು ದಾಟಿ ಗಾಢ ಕಂದು ಬಂದು, ತೆಳುವಾಗಿ ಹೊಗೆ ಕಾಣಿಸಿದ ತಕ್ಷಣ ಉರಿ ಆರಿಸಿ. ಇನ್ನೊಂದು ಕ್ಷಣ ಬಿಟ್ಟರೂ ಕೇಕ್ ಕಹಿಯಾಗುತ್ತದೆ. ದೂರ ನಿಂತು 80 ಮಿಲಿಲೀಟರ್ ಬಿಸಿನೀರು ಸುರಿಯಿರಿ. ಜೋರಾಗಿ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ಪೂರ್ತಿ ಆರಲು ಬಿಡಿ.

150 ಗ್ರಾಂ ಬೆಣ್ಣೆ, 150 ಗ್ರಾಂ ಜರಡಿ ಹಿಡಿದ ಬೆಲ್ಲದ ಪುಡಿ, ಮೂರು ಮೊಟ್ಟೆ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಡಿಸೆಂಬರ್ ಬೆಳಗ್ಗೆ ಬೆಣ್ಣೆ ಕಲ್ಲಾಗಿರುತ್ತದೆ. ಒಲೆಯ ಹತ್ತಿರ ಒಂದು ಗಂಟೆ ಇಟ್ಟು, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದ ಮೇಲೆ ಬೆಲ್ಲದ ಜೊತೆ ಹಗುರಾಗುವವರೆಗೆ ಕಡೆಯಿರಿ. ಮೊಟ್ಟೆ ಒಂದೊಂದಾಗಿ ಸೇರಿಸಿ. ಮಿಶ್ರಣ ಒಡೆದಂತೆ ಕಂಡರೆ ಒಂದು ಚಮಚ ಮೈದಾ ಹಾಕಿ, ಸರಿಯಾಗುತ್ತದೆ. ಆಮೇಲೆ ಕ್ಯಾರಮೆಲ್. ಕೊನೆಗೆ 180 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಮಸಾಲೆ ಸೇರಿಸಿ ಜರಡಿ ಹಿಡಿದು ಮೆಲ್ಲಗೆ ಮಗುಚಿ. ಇಲ್ಲಿಂದ ಮುಂದೆ ಕಡೆಯಬಾರದು. ನೆನೆದ ಹಣ್ಣನ್ನು ಸೋಸಿ, ಎರಡು ಚಮಚ ಮೈದಾದಲ್ಲಿ ಹೊರಳಿಸಿ, ಹೆಚ್ಚಿದ ಗೋಡಂಬಿ ಜೊತೆ ಸೇರಿಸಿ. ಹಾಗೆ ಹೊರಳಿಸಿದರೆ ಹಣ್ಣು ತಳಕ್ಕೆ ಇಳಿಯುವುದು ಕಡಿಮೆ.

ಉಡುಗೊರೆಗೆ ಕೊಡುವುದಾದರೆ 15 ಸೆಂಟಿಮೀಟರ್ ಅಗಲದ ಎರಡು ಟಿನ್‌ಗೆ ಹಂಚಿ, ಒಳಗೆ ಬಟರ್ ಪೇಪರ್ ಹಾಸಿ. ಓವನ್‌ನಲ್ಲಿ 160 ಡಿಗ್ರಿಯಲ್ಲಿ 50ರಿಂದ 55 ನಿಮಿಷ. 20 ಸೆಂಟಿಮೀಟರ್‌ನ ಒಂದೇ ಟಿನ್ ಆದರೆ 70 ನಿಮಿಷ ಬೇಕಾಗಬಹುದು. ಓವನ್ ಇಲ್ಲವೇ? ದಪ್ಪ ತಳದ ದೊಡ್ಡ ಪಾತ್ರೆಗೆ ಎರಡು ಲೋಟ ಕಲ್ಲುಪ್ಪು ಹರಡಿ, ಮೇಲೆ ಸಿಂಬಿಯಂಥ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಸಣ್ಣ ಟಿನ್ ಒಂದನ್ನು ಇಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಬೇಯಿಸಿ. ಹಳೇ ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವೇಟ್ ಎರಡನ್ನೂ ತೆಗೆದಿಡಿ. ನೀರು ಹಾಕಬಾರದು. ಮೊದಲ ಮುಕ್ಕಾಲು ಗಂಟೆ ಮುಚ್ಚಳ ತೆಗೆದು ಇಣುಕಬೇಡಿ. ತೆಂಗಿನ ಗರಿಯ ಶುದ್ಧ ಕಡ್ಡಿ ಚುಚ್ಚಿ ನೋಡಿದಾಗ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ.

ಪೂರ್ತಿ ಆರಿದ ಮೇಲೆ ಬಟರ್ ಪೇಪರ್‌ನಲ್ಲಿ, ಅದರ ಮೇಲೆ ಫಾಯಿಲ್‌ನಲ್ಲಿ ಸುತ್ತಿ. ಹಣ್ಣಿನ ಹುಳಿ ಇರುವುದರಿಂದ ಫಾಯಿಲ್ ನೇರವಾಗಿ ತಾಗುವುದು ಬೇಡ. ರಮ್ ಕೇಕ್ ನಾಲ್ಕೈದು ದಿನ ಕಳೆದಷ್ಟೂ ರುಚಿ ಏರುತ್ತದೆ. 18, 19ಕ್ಕೆ ಮಾಡಿಟ್ಟರೆ ಸರಿ. ರಸದ ಕೇಕನ್ನು 22ರ ನಂತರ ಮಾಡಿ.

ಕೊನೆಯ ದಿನಗಳು: ಕುಸ್ವಾರ್ ಮತ್ತು ಕಟ್ಟುವ ಕೆಲಸ

ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಅಂದರೆ ಕೇಕ್‌ಗಿಂತ ಮೊದಲು ಕುಸ್ವಾರ್. ನೆವ್ರಿ, ಕಿಡಿಯೊ, ಗುಲಿಯೊ, ಕೊಕ್ಕಿಸಾಂ ಎಲ್ಲ ಸೇರಿದ ತಿಂಡಿಗಳ ತಟ್ಟೆ. ನೆವ್ರಿ ನಮ್ಮ ಕರ್ಜಿಕಾಯಿಯೇ, ಯಾರಿಗೂ ಹೇಳಿಕೊಡಬೇಕಿಲ್ಲ. ಕೊಕ್ಕಿಸಾಂ, ಅಂದರೆ ಗುಲಾಬಿ ಹೂವಿನ ಅಚ್ಚಿನ ತಿಂಡಿ, ಕಲಿಯಲು ಸುಲಭ. ಅಕ್ಕಿಹಿಟ್ಟು ಒಂದು ಲೋಟ, ಮೈದಾ ಅರ್ಧ, ಸಕ್ಕರೆ ಪುಡಿ ಅರ್ಧ, ಒಂದು ಮೊಟ್ಟೆ, ಒಂದು ಚಮಚ ಎಳ್ಳು, ಸುರಿಯುವ ಹದಕ್ಕೆ ತೆಂಗಿನ ಹಾಲು. ಅಚ್ಚು ಕಾದ ಎಣ್ಣೆಯಲ್ಲೇ ಇದ್ದು ಬಿಸಿಯಾಗಿರಬೇಕು. ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಿ. ಪೂರ್ತಿ ಮುಳುಗಿದರೆ ಹಿಟ್ಟು ಅಚ್ಚಿನ ಮೇಲೂ ಹತ್ತಿ ಹೂವು ಬಿಡುವುದಿಲ್ಲ. ಎಣ್ಣೆಗಿಳಿಸಿ ಮೆಲ್ಲಗೆ ಅಲುಗಿಸಿದರೆ ತಾನೇ ಕಳಚಿಕೊಳ್ಳುತ್ತದೆ. ಚಳಿಗಾಲದ ತೇವಕ್ಕೆ ಬೇಗ ಮೆತ್ತಗಾಗುವ ತಿಂಡಿ ಇದು. ಆದ್ದರಿಂದ 22, 23ಕ್ಕೆ ಮಾಡಿ, ಆರಿದ ಕೂಡಲೇ ಡಬ್ಬಿಗೆ ಹಾಕಿ.

ಕಟ್ಟಲು ಪ್ಲಾಸ್ಟಿಕ್ ಯಾಕೆ? ಅಡಿಕೆ ಹಾಳೆಯ ಎರಡು ಬಟ್ಟಲುಗಳನ್ನು ಒಂದರ ಮೇಲೊಂದು ಬೋರಲು ಹಾಕಿ, ಒಳಗೆ ಬಟರ್ ಪೇಪರ್ ಹಾಸಿ, ಬಾಳೆ ನಾರಿನಿಂದ ಕಟ್ಟಿದರೆ ಚಂದದ ಪೆಟ್ಟಿಗೆ. ನಾರು ಒಣಗಿದ್ದರೆ ಕಟ್ಟುವ ಮುಂಚೆ ಹತ್ತು ನಿಮಿಷ ನೀರಲ್ಲಿ ನೆನೆಸಿ ಒರೆಸಿಕೊಳ್ಳಿ, ಮುರಿಯುವುದಿಲ್ಲ. ಚಿತ್ತಾರದ ಕಾರ್ಡು ಅದರ ಮೇಲೆ.

ಅಕ್ಕಪಕ್ಕದಲ್ಲಿ ಮೊಟ್ಟೆ ತಿನ್ನದ ಮನೆಗಳಿದ್ದರೆ ಅವರಿಗೆ ಹೇರಳೆ ಸಿಪ್ಪೆ, ನೆವ್ರಿ, ಒಂದು ಮೇಣದ ಹಣತೆ ಕೊಡಿ. ನೆವ್ರಿಯನ್ನು ಕೊಕ್ಕಿಸಾಂ ಕರಿದ ಎಣ್ಣೆಯಲ್ಲಿ ಕರಿಯಬೇಡಿ, ಮೊದಲೇ ಕರಿದಿಟ್ಟುಕೊಳ್ಳಿ. ಪ್ರತಿ ಪೊಟ್ಟಣದ ಮೇಲೂ ಒಂದು ಚೀಟಿ ಅಂಟಿಸಿ: ಮೊಟ್ಟೆ ಇದೆಯೇ, ರಮ್ ಇದೆಯೇ, ಗೋಡಂಬಿ ಇದೆಯೇ, ಮಾಡಿದ ದಿನ ಯಾವುದು, ಯಾವಾಗಿನೊಳಗೆ ತಿನ್ನಬೇಕು. ರಸದ ಕೇಕ್‌ಗೆ ಹೊರಗೆ ಮೂರು ದಿನ, ಫ್ರಿಜ್‌ನಲ್ಲಿ ಒಂದು ವಾರ ಅಂತ ಬರೆದರೆ ಸಾಕು.