ವೈದ್ಯರ ವಿರುದ್ಧ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವುದು ಹೇಗೆ?

ರಾಜ್ಯದಲ್ಲಿ ಎಂಬಿಬಿಎಸ್ ಅಥವಾ ಅದಕ್ಕೂ ಮೇಲಿನ ಪದವಿ ಪಡೆದು ವೃತ್ತಿ ನಡೆಸುವ ವೈದ್ಯರ ಹೆಸರುಗಳ ಪಟ್ಟಿಯನ್ನು, 1961ರ ವೈದ್ಯಕೀಯ ನೋಂದಣಿ ಕಾಯ್ದೆಯ ಅಡಿ ರಚನೆಯಾದ ಕರ್ನಾಟಕ ವೈದ್ಯಕೀಯ ಪರಿಷತ್ತು ನಿರ್ವಹಿಸುತ್ತದೆ. ಈ ಪಟ್ಟಿಗೆ ಹೆಸರು ಸೇರಿಸುವ ಪರಿಷತ್ತಿಗೇ, ವೃತ್ತಿಧರ್ಮ ಮೀರಿದವರನ್ನು ಎಚ್ಚರಿಸುವ, ನಿರ್ದಿಷ್ಟ ಅವಧಿಗೆ ಅಥವಾ ಶಾಶ್ವತವಾಗಿ ಅವರ ಹೆಸರನ್ನು ತೆಗೆದುಹಾಕುವ ಅಧಿಕಾರವೂ ಇದೆ. ಅದರ ಬಲವೂ ಮಿತಿಯೂ ಇಷ್ಟೇ. ಪರಿಷತ್ತು ರೋಗಿಗೆ ಪರಿಹಾರದ ಹಣ ಕೊಡಿಸುವುದಿಲ್ಲ, ಆಸ್ಪತ್ರೆಗೆ ಬೀಗ ಹಾಕಿಸುವುದಿಲ್ಲ, ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ದೂರು ಬರೆಯಲು ಕೂರುವವರು ಈ ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ.

ಹಾಗಾಗಿ ಮೊದಲ ಹೆಜ್ಜೆಯೆಂದರೆ ದೂರು ಯಾವ ಬಾಗಿಲಿಗೆ ಸೇರಿದ್ದು ಎಂದು ತೀರ್ಮಾನಿಸುವುದು. ಬಿಲ್ಲಿನ ಮೊತ್ತ, ದರಪಟ್ಟಿ ಪ್ರದರ್ಶಿಸದಿರುವುದು, ಆಸ್ಪತ್ರೆಯ ಅವ್ಯವಸ್ಥೆ ಮೊದಲಾದವು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ, ಅಂದರೆ ಎಲ್ಲರ ಬಾಯಲ್ಲಿ ಕೆಪಿಎಂಇ ಎನಿಸಿಕೊಂಡಿರುವ ಕಾನೂನಿನ ಅಡಿಯ ಜಿಲ್ಲಾ ಪ್ರಾಧಿಕಾರಕ್ಕೆ ಸೇರುತ್ತವೆ. ಹಣದ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗವಿದೆ. ದಂತವೈದ್ಯರಿಗೆ, ಆಯುರ್ವೇದ ಮತ್ತು ಯುನಾನಿಯವರಿಗೆ, ಹೋಮಿಯೋಪಥಿಯವರಿಗೆ ಪ್ರತ್ಯೇಕ ಪರಿಷತ್ತು ಅಥವಾ ಮಂಡಳಿಗಳಿವೆ.

ಎರಡನೆಯದು, ವೈದ್ಯರ ನೋಂದಣಿ ಸಂಖ್ಯೆಯನ್ನು ಪತ್ತೆ ಮಾಡುವುದು. 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಪ್ರಮಾಣಪತ್ರ, ಹಣದ ರಸೀದಿಗಳಲ್ಲಿಯೂ ಅದು ಇರಬೇಕು. ಚೀಟಿಯ ತಲೆಬರಹದಲ್ಲಿ, ಪದವಿಗಳ ಸಾಲಿನ ಕೆಳಗೆ, ಸಣ್ಣ ಅಕ್ಷರಗಳಲ್ಲಿ ‘ಕೆಎಂಸಿ ನಂ.’ ಎಂದು ಅಚ್ಚಾಗಿರುವುದು ಇದೇ. ಇಲ್ಲದಿದ್ದರೆ ಚಿಕಿತ್ಸೆ ಕೊಟ್ಟವರ ಹೆಸರನ್ನು ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಎಲ್ಲಿಯೂ ಸಿಗದಿದ್ದರೆ ಅವರು ನಕಲಿ ವೈದ್ಯರೇ ಎಂಬ ಅನುಮಾನ ಸಹಜ. ಆದರೆ ಪಟ್ಟಿಯಲ್ಲೇ ಇಲ್ಲದ ಹೆಸರನ್ನು ಪರಿಷತ್ತು ತೆಗೆಯುವುದಾದರೂ ಹೇಗೆ? ಅಂಥ ದೂರು ಜಿಲ್ಲಾ ಆರೋಗ್ಯಾಧಿಕಾರಿಗೆ ಮತ್ತು ಪೊಲೀಸರಿಗೆ ಹೋಗಬೇಕು. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯು 1 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ.

ಮೂರನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಅದು ದಾಖಲೆ ಸಂಗ್ರಹ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದೂ, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದೂ ನಿಯಮವೇ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿಯೊಂದನ್ನೇ ಹಿಡಿದುಕೊಂಡು ಬಂದರೆ ಸಾಲದು. ಯಾವ ಹೊತ್ತಿಗೆ ಯಾರು ನೋಡಿದರು, ಯಾವ ಇಂಜೆಕ್ಷನ್ ಕೊಟ್ಟರು ಎಂಬುದು ಇರುವುದು ಕೇಸ್ ಶೀಟಿನಲ್ಲಿ, ನರ್ಸ್‌ಗಳ ಟಿಪ್ಪಣಿಯಲ್ಲಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಮತ್ತು ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ. ಇವುಗಳ ಪ್ರತಿ ಬೇಕೆಂದು ಲಿಖಿತವಾಗಿ ಕೇಳಿ, ಅರ್ಜಿಯ ನಕಲಿನ ಮೇಲೆ ಆಸ್ಪತ್ರೆಯ ಮೊಹರು, ದಿನಾಂಕ ಮತ್ತು ಸಮಯ ಹಾಕಿಸಿಕೊಳ್ಳಬೇಕು. 72 ಗಂಟೆ ಕಳೆದರೂ ಕೊಡದಿದ್ದರೆ ಆ ನಿರಾಕರಣೆಯೇ ದೂರಿನ ಇನ್ನೊಂದು ಅಂಶವಾಗುತ್ತದೆ, ಅದನ್ನು ಸಾಬೀತುಪಡಿಸುವುದೂ ಸುಲಭ.

ಇನ್ನು ದೂರಿನ ಬರವಣಿಗೆ. ನೊಂದ ಮನಸ್ಸು ‘ವೈದ್ಯರ ನಿರ್ಲಕ್ಷ್ಯದಿಂದಲೇ ನಮ್ಮ ತಾಯಿ ಹೋದರು’ ಎಂದು ಬರೆಯುತ್ತದೆ. ವಿಚಾರಣೆಗೆ ಕೂರುವವರಿಗೆ ಅದರಿಂದ ಹಿಡಿಯಲು ಏನೂ ಸಿಗುವುದಿಲ್ಲ. ‘ರಾತ್ರಿ 9ಕ್ಕೆ ದಾಖಲಿಸಿದೆವು; 11ಕ್ಕೆ ಉಸಿರಾಟದ ತೊಂದರೆ ತಿಳಿಸಿದೆವು; ತಜ್ಞ ವೈದ್ಯರು ಬಂದು ನೋಡಿದ ದಾಖಲೆ ಬೆಳಿಗ್ಗೆ 6ರವರೆಗೆ ಕೇಸ್ ಶೀಟಿನಲ್ಲಿಲ್ಲ, ಪುಟ 14 ನೋಡಿ’ ಎಂಬ ಮಾದರಿಯಲ್ಲಿ ಬರೆದರೆ, ವೈದ್ಯರು ಉತ್ತರಿಸಲೇಬೇಕಾದ ಪ್ರಶ್ನೆಯೊಂದು ಹುಟ್ಟುತ್ತದೆ. ಚಿಕಿತ್ಸೆ ಫಲಿಸಲಿಲ್ಲ ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ ಎಂಬುದನ್ನು ನ್ಯಾಯಾಲಯಗಳು ಹಲವು ಬಾರಿ ಹೇಳಿವೆ. ವೃತ್ತಿಪರ ಅಸಾಮರ್ಥ್ಯವನ್ನು ಅದೇ ವೃತ್ತಿಯವರ ತಂಡವೇ ಅಳೆಯಬೇಕೆಂದು ನಿಯಮವಿರುವುದರಿಂದ, ಚಿಕಿತ್ಸೆಯ ಗುಣಮಟ್ಟದ ವಾದ ವೈದ್ಯರ ಅಭಿಪ್ರಾಯದ ಮೇಲೆಯೇ ನಿಲ್ಲುತ್ತದೆ. ಅದಕ್ಕೆ ಹೋಲಿಸಿದರೆ ನಡತೆಗೆ ಸಂಬಂಧಿಸಿದ ಆರೋಪಗಳ ನೆಲ ಗಟ್ಟಿ: ಒಪ್ಪಿಗೆ ಪಡೆಯದೆ ಶಸ್ತ್ರಚಿಕಿತ್ಸೆ ಮಾಡಿದ್ದು, ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದು, ಇಲ್ಲದ ವಿಶೇಷ ಪದವಿಯನ್ನು ಬೋರ್ಡಿನಲ್ಲಿ ಬರೆಸಿಕೊಂಡದ್ದು, ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆದದ್ದು. ಒಪ್ಪಿಗೆ ಪತ್ರದಲ್ಲಿ ಯಾವ ಶಸ್ತ್ರಚಿಕಿತ್ಸೆಯ ಹೆಸರಿದೆ, ನಡೆದದ್ದು ಯಾವುದು ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಕಾರಣಕ್ಕೇ ಅಗತ್ಯ. ಪರೀಕ್ಷೆಗಾಗಿ ಮಾಡುವ ಲ್ಯಾಪರೋಸ್ಕೋಪಿಗೆ ಮಾತ್ರ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿರುವಾಗ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅದು ಗ್ರಾಹಕ ವ್ಯಾಜ್ಯವಾಗಿದ್ದರೂ ಅಲ್ಲಿನ ತತ್ವ ಇಲ್ಲಿಗೂ ಒದಗುತ್ತದೆ.

ದೂರು ಆಸ್ಪತ್ರೆಯ ಹೆಸರಿನಲ್ಲಿರದೆ ಒಬ್ಬೊಬ್ಬ ವೈದ್ಯರ ಹೆಸರಿನಲ್ಲಿರಬೇಕು. ದಾಖಲೆಗಳಿಗೆ ಪುಟಸಂಖ್ಯೆ ಹಾಕಿ, ಎಷ್ಟು ಪ್ರತಿ ಬೇಕು, ಅಫಿಡವಿಟ್ ಯಾವ ರೀತಿ ಇರಬೇಕು ಎಂಬುದನ್ನು ಬೆಂಗಳೂರಿನ ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಿಕೊಂಡು, ಖುದ್ದಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಅಥವಾ ಸ್ಪೀಡ್ ಪೋಸ್ಟ್ ಮಾಡುವುದು ಒಳ್ಳೆಯದು.

ಮುಂದಿನದು ವಿಚಾರಣೆ. ವೈದ್ಯರಿಗೆ ಸ್ವತಃ ಅಥವಾ ವಕೀಲರ ಮೂಲಕ ಉತ್ತರಿಸುವ ಅವಕಾಶ ಸಿಗುತ್ತದೆ. ದೂರಿನ ಬಗ್ಗೆ 6 ತಿಂಗಳೊಳಗೆ ತೀರ್ಮಾನವಾಗಬೇಕೆಂದು ನಿಯಮವಿದೆ. ಅದು ಕಾಗದದ ಮೇಲಿನ ಗಡುವಾಗಿಯೇ ಉಳಿಯಬಾರದೆಂದಾದರೆ ದೂರುದಾರರು ಆಗಾಗ ಲಿಖಿತವಾಗಿ ನೆನಪಿಸುತ್ತಿರಬೇಕು. ವಿಚಾರಣೆ ನಡೆಯುತ್ತಿರುವಾಗಲೇ ವಿವಾದಿತ ಚಿಕಿತ್ಸಾ ವಿಧಾನವನ್ನು ನಡೆಸದಂತೆ ವೈದ್ಯರನ್ನು ತಡೆಯುವ ಅಧಿಕಾರವೂ ಪರಿಷತ್ತಿಗಿದ್ದು, ಇತರ ರೋಗಿಗಳಿಗೆ ಅಪಾಯವಿದೆ ಎನಿಸಿದರೆ ದೂರಿನಲ್ಲಿಯೇ ಇದನ್ನು ಕೋರಬಹುದು. ಅಂದಹಾಗೆ, 2023ರ ಆಗಸ್ಟ್ 2ರಂದು ಹೊರಬಂದ ಹೊಸ ನಡಾವಳಿ ನಿಯಮಗಳನ್ನು ಅದೇ ತಿಂಗಳ 23ರಂದು ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತರಲಾಯಿತು.

ಆದೇಶ ಒಪ್ಪಿಗೆಯಾಗದಿದ್ದರೆ ಏನು ಮಾಡಬೇಕು ಎಂಬಲ್ಲಿ ಕಾನೂನು ರೋಗಿಯ ಪರವಾಗಿ ಸಲೀಸಾಗಿಲ್ಲ. ಹಳೆಯ ನಿಯಮವು ಬಾಧಿತರಾದ ಯಾರೇ ಆದರೂ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎನ್ನುತ್ತದೆ. 2019ರ ಕಾಯ್ದೆಯ 30ನೇ ಸೆಕ್ಷನ್ ಮಾತ್ರ ನೀತಿ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ ಮೇಲ್ಮನವಿ ಹೋಗುವ ಹಕ್ಕನ್ನು ಹೇಳುವಾಗ ವೈದ್ಯರನ್ನಷ್ಟೇ ಹೆಸರಿಸುತ್ತದೆ. ಈ ವ್ಯತ್ಯಾಸ ಸರಿಯಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಸದ್ಯಕ್ಕಂತೂ 60 ದಿನ ಮೀರುವ ಮೊದಲೇ ವಕೀಲರನ್ನು ಕಂಡು, ಮೇಲ್ಮನವಿಯೋ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೋ ಎಂದು ನಿರ್ಧರಿಸಬೇಕು. ಹಣದ ಪರಿಹಾರವನ್ನೂ ಕೇಳುವ ಉದ್ದೇಶವಿದ್ದರೆ ಪರಿಷತ್ತಿನ ಆದೇಶಕ್ಕೆ ಕಾಯುತ್ತ ಕೂರಬಾರದು. ಗ್ರಾಹಕ ಆಯೋಗಕ್ಕೆ ಹೋಗಲು ಇರುವ 2 ವರ್ಷದ ಗಡುವು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದಲೇ ಎಣಿಕೆಯಾಗುತ್ತದೆ.