ಶಾಲಾ ಉತ್ತರದಾಯಿತ್ವ ನೀತಿಯಿಂದ ಕಲಿಕೆ ಹೆಚ್ಚಿದೆಯೇ ಎಂದು ಪರಿಶೀಲಿಸುವ ಬಗೆ

ಪರೀಕ್ಷಾ ಫಲಿತಾಂಶದ ಮೇಲೆ ಶಾಲೆಗಳಿಗೆ ಶ್ರೇಣಿ ಕೊಟ್ಟು, ಹಿಂದುಳಿದವುಗಳ ಮೇಲೆ ಕ್ರಮ ಕೈಗೊಳ್ಳುವ ನೀತಿ ಜಾರಿಯಾದ ಮೇಲೆ ಅಂಕಗಳು ಏರುವುದು ಸಾಮಾನ್ಯ. ಆ ಏರಿಕೆಯಲ್ಲಿ ಕಲಿಕೆಯ ಪಾಲೆಷ್ಟು, ಪರೀಕ್ಷೆಗೆಂದೇ ನಡೆದ ತಯಾರಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸದೆ ನೀತಿ ಫಲಿಸಿತೆಂದು ಹೇಳಬಾರದು.

ಮೊದಲಿಗೆ, ಶಾಲೆಗೆ ಲಾಭನಷ್ಟಗಳಿಲ್ಲದ ಬೇರೊಂದು ಪರೀಕ್ಷೆಯ ಅಂಕಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ಬಗೆಯ ಪ್ರಶ್ನೆಗಳನ್ನು ಉರುಹೊಡೆಸಿ ಪಡೆದ ಅಂಕ ಅಲ್ಲಿ ಉಳಿಯುವುದಿಲ್ಲ. ಜೊತೆಗೆ, ನೀತಿಯಿಂದ ಬದಲಾಗದ ಗುಂಪೊಂದೂ ಹೋಲಿಕೆಗೆ ಬೇಕು. ಅಮೆರಿಕದಲ್ಲಿ ಇಂಥ ನೀತಿಯನ್ನು ಎಲ್ಲ ರಾಜ್ಯಗಳಿಗೂ ತಂದ 2002ರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯ ಪರಿಣಾಮವನ್ನು ಅಳೆದದ್ದು ಹೀಗೆಯೇ: ಮೊದಲೇ ಅಂಥ ನೀತಿಯಿದ್ದ ರಾಜ್ಯಗಳನ್ನೂ ಇಲ್ಲದಿದ್ದ ರಾಜ್ಯಗಳನ್ನೂ ದೇಶದಾದ್ಯಂತ ಆಯ್ದ ಮಕ್ಕಳಿಗಷ್ಟೇ ನಡೆಸುವ ಎನ್‌ಎಇಪಿ ಪರೀಕ್ಷೆಯ ಅಂಕಗಳಲ್ಲಿ ಹೋಲಿಸಿದಾಗ ನಾಲ್ಕನೇ ತರಗತಿಯ ಗಣಿತದಲ್ಲಿ ಸ್ಪಷ್ಟ ಸುಧಾರಣೆ ಕಂಡಿತು, ಓದುವ ಸಾಮರ್ಥ್ಯದಲ್ಲಿ ಕಾಣಲಿಲ್ಲ.

ಆಮೇಲೆ ಏರಿದ್ದು ಯಾರ ಅಂಕ ಎಂದು ನೋಡಿ. ನನ್ನ ಮಟ್ಟಿಗೆ ಇದೇ ಅತಿ ಮುಖ್ಯವಾದ ಹೆಜ್ಜೆ. ತೇರ್ಗಡೆಯ ಪ್ರಮಾಣವೊಂದನ್ನೇ ಎಣಿಸುವ ನೀತಿಯಲ್ಲಿ ತೇರ್ಗಡೆಯ ಗೆರೆಯ ಅಂಚಿನಲ್ಲಿರುವ ಮಗುವಿನ ಮೇಲೆ ಹಾಕಿದ ಶ್ರಮ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಂಥ ನೀತಿ ಬಂದ ಮೇಲೆ ಷಿಕಾಗೊ ನಗರದ ಶಾಲೆಗಳಲ್ಲಿ ನಡುವಿನ ಮಕ್ಕಳು ಮುಂದೆ ಬಂದರು, ತೀರಾ ಕೆಳಗಿದ್ದವರಿಗೆ ಪ್ರಯೋಜನವಾಗಲಿಲ್ಲ. ಆದ್ದರಿಂದ ಕೆಳಗಿನ, ನಡುವಿನ ಮತ್ತು ಮೇಲಿನ ಮಕ್ಕಳ ಸರಾಸರಿಗಳನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ.

ಪರೀಕ್ಷೆಗೆ ಕೂತವರ ಸಂಖ್ಯೆಯೂ ಬೇಕು. ನಿಧಾನವಾಗಿ ಕಲಿಯುವವರನ್ನು ವಿಶೇಷ ಶಿಕ್ಷಣದ ವರ್ಗಕ್ಕೆ ಸೇರಿಸಿ ಲೆಕ್ಕದಿಂದ ಹೊರಗಿಟ್ಟರೆ ಯಾರೂ ಏನನ್ನೂ ಕಲಿಯದೆಯೇ ಸರಾಸರಿ ಏರುತ್ತದೆ. ಉತ್ತರಗಳನ್ನು ತಿದ್ದಿದ್ದೂ ಉಂಟು: ಅಟ್ಲಾಂಟದಲ್ಲಿ 2011ರ ತನಿಖಾ ವರದಿ 44 ಶಾಲೆಗಳಲ್ಲಿ ಅಕ್ರಮವನ್ನು ಗುರುತಿಸಿತು.

ಇಷ್ಟರಿಂದ ಉತ್ತರದಾಯಿತ್ವವೇ ವ್ಯರ್ಥವೆಂದು ತೀರ್ಮಾನಿಸಬೇಡಿ. ವೇಲ್ಸ್ 2001ರಲ್ಲಿ ಶಾಲಾವಾರು ಫಲಿತಾಂಶ ಪಟ್ಟಿಗಳ ಪ್ರಕಟಣೆಯನ್ನು ನಿಲ್ಲಿಸಿದ ಬಳಿಕ, ಅದನ್ನು ಮುಂದುವರಿಸಿದ ಇಂಗ್ಲೆಂಡಿಗೆ ಹೋಲಿಸಿದರೆ ಅಲ್ಲಿನ ಫಲಿತಾಂಶ ಕುಸಿಯಿತು; ಉತ್ತಮ ಶಾಲೆಗಳಿಗೆ ಅದು ತಟ್ಟಲಿಲ್ಲ, ಉಳಿದವುಗಳಿಗೆ ತಟ್ಟಿತು.

ಸಾಧ್ಯವಿದ್ದರೆ ಮಕ್ಕಳ ಮುಂದಿನ ಬದುಕಿನ ದಾಖಲೆಗಳನ್ನೂ ಸೇರಿಸಿ. ಟೆಕ್ಸಸ್‌ನಲ್ಲಿ ಕಳಪೆ ಶ್ರೇಣಿಯ ಭಯವಿದ್ದ ಪ್ರೌಢಶಾಲೆಗಳ ಮಕ್ಕಳು ಹೆಚ್ಚಾಗಿ ಕಾಲೇಜು ಮುಗಿಸಿದರು, ಹೆಚ್ಚು ಸಂಪಾದಿಸಿದರು. ಉನ್ನತ ಶ್ರೇಣಿಯ ಆಸೆಯಿದ್ದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಅದೇ ನೀತಿಯಿಂದ ನಷ್ಟವಾಯಿತು.